ಅತ್ತೆಯವರ ಕಾಲು ಮುಟ್ಟಿದ ವರ್ಷ

ಹೋದ ತಿಂಗಳು ನನ್ನ ಎಡ ಮಂಡಿಯ ಎಕ್ಸ್‌ರೇ ತೆಗೆಸಲು ವಿಶಾಖಪಟ್ಟಣದ ಒಂದು ಆಸ್ಪತ್ರೆಗೆ ಹೋಗಿದ್ದೆ. ಮೂವತ್ತು ವರ್ಷ ಊರವರ ಎಲುಬುಗಳ ಫೋಟೋ ತೆಗೆದವನು ಕೊನೆಗೊಂದು ದಿನ ತಾನೇ ಆ ಹಲಗೆಯ ಮುಂದೆ ನಿಂತದ್ದಾಯಿತು. ಯಂತ್ರದ ಹತ್ತಿರ ಇದ್ದವಳು ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ. ‘ನೇರವಾಗಿ ನಿಂತ್ಕೊಳ್ಳಿ ಅಂಕಲ್’ ಎಂದು ತೆಲುಗಿನಲ್ಲಿ ಹೇಳಿದಳು. ನಿಂತೆ. ನನ್ನ ಕಾಲ ಕಡೆ ನೋಡಿ ಅವಳಿಗೆ ಸಮಾಧಾನವಾಗಲಿಲ್ಲ. ಬಂದು ಕುಕ್ಕರಗಾಲಿನಲ್ಲಿ ಕೂತು, ನನ್ನ ಹಿಮ್ಮಡಿ ಹಿಡಿದು, ಪಾದವನ್ನು ಒಂದಿಷ್ಟು ಒಳಕ್ಕೆ ತಿರುಗಿಸಿದಳು. ಕೇಳಲಿಲ್ಲ, ಹೇಳಲಿಲ್ಲ. ‘ಮಂಡಿಚಿಪ್ಪು ನನ್ನನ್ನೇ ನೋಡ್ಬೇಕು. ಪಾದ ಎಲ್ಲಿಗಾದ್ರೂ ನೋಡ್ಲಿ ಬಿಡಿ’ ಎಂದಳು.

ನನ್ನ ಕಣ್ಣು ತುಂಬಿದ್ದು ಕಂಡು ಅವಳಿಗೆ ಗಾಬರಿ. ‘ನೋವಾಯ್ತಾ ಅಂಕಲ್?’ ‘ಇಲ್ಲಮ್ಮ, ನೀನು ಮಾಡಿದ್ದು ಸರಿ. ನೂರಕ್ಕೆ ನೂರು ಸರಿ’ ಎಂದೆ. ಮುದುಕರಿಗೆ ಕಾರಣವಿಲ್ಲದೆ ಕಣ್ಣು ತುಂಬುತ್ತದೆ ಎಂದುಕೊಂಡಿರಬೇಕು, ಮೆತ್ತಗೆ ನಕ್ಕು ಗುಂಡಿ ಒತ್ತಿದಳು.

ಈಗ ಕತ್ತಲಕೋಣೆಯಿಲ್ಲ, ಕೆಂಪು ಬಲ್ಬಿಲ್ಲ, ಫಿಲ್ಮ್ ತೊಳೆಯುವ ತೊಟ್ಟಿಗಳಿಲ್ಲ. ಚಿತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಪರದೆಯ ಮೇಲೆ ಬಂದು ಕೂರುತ್ತದೆ. ಆದರೂ ಆ ಹವಾನಿಯಂತ್ರಿತ ಕೋಣೆಯಲ್ಲಿ ನನ್ನ ಮೂಗಿಗೆ ಮಾತ್ರ ಹೈಪೋ ದ್ರಾವಣದ ಹುಳಿ ವಾಸನೆ ಹೊಡೆಯಿತು. ಅದರ ಹಿಂದೆಯೇ ತೊಂಬತ್ತರ ದಶಕದ ನಡುವಿನ ಆ ಒಂದು ವರ್ಷ ಬಂತು, ಆಷಾಢದಿಂದ ಮಾಘದವರೆಗೆ.

ನಮ್ಮದು ಚಳ್ಳಕೆರೆ ಕಡೆ. ಅಪ್ಪ ಬ್ಯಾಂಕಿನಲ್ಲಿ ಗುಮಾಸ್ತರು. ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದರು, ಮತ್ತೆ ವರ್ಗವಾಗಿ ಹೋದರು. ನಾನು ಮಾತ್ರ ಎಕ್ಸ್‌ರೇ ಡಿಪ್ಲೊಮಾ ಮಾಡಿಕೊಂಡು ಇಲ್ಲೇ ಉಳಿದೆ. ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಕೆಲಸ, ಗಾಜುವಾಕದಲ್ಲಿ ಬಾಡಿಗೆ ಮನೆ. ಬೆಳಿಗ್ಗೆ ಒರೆಸಿದ ಕಿಟಕಿಯ ಮೇಲೆ ಮಧ್ಯಾಹ್ನಕ್ಕೆ ಕಾರ್ಖಾನೆಯ ಕೆಂಪು ಧೂಳು. ಹೆಂಡತಿ ಪದ್ಮ ವಿಜಯವಾಡದವಳು. ಅಲ್ಲಿನ ಹಳೆಯ ಪೇಟೆ ಒನ್ ಟೌನಿನ ಗಲ್ಲಿಯೊಂದರಲ್ಲಿ ಅವರದು ಕೈಮಗ್ಗದ ಸೀರೆಗಳ ಸಗಟು ಅಂಗಡಿ, ಮೇಲೆ ಮನೆ.

ಅತ್ತೆ ಸರೋಜಮ್ಮ ಹುಟ್ಟಿದ್ದು ಬಳ್ಳಾರಿಯಲ್ಲಿ. ಹದಿನೇಳಕ್ಕೆ ಮದುವೆಯಾಗಿ ಒನ್ ಟೌನ್ ಸೇರಿದವರು. ನಾಲ್ಕು ದಶಕ ತೆಲುಗಿನ ನಡುವೆ ಇದ್ದರೂ ಬಳ್ಳಾರಿಯ ಕನ್ನಡ ಬಿಟ್ಟಿರಲಿಲ್ಲ; ತೆಲುಗನ್ನು ಅದರೊಳಗೇ ಕಲಸಿಕೊಂಡಿದ್ದರು, ಅಷ್ಟೆ. ಮಂಗಳಗಿರಿಯಿಂದ ಬರುವ ಸೀರೆಯ ಗಂಟುಗಳನ್ನು ಬಿಚ್ಚಿ, ಒಂದೊಂದನ್ನೂ ಬೆಳಕಿಗೆ ಹಿಡಿದು, ಎಳೆ ತಪ್ಪಿದ್ದು, ಕಲೆ ಬಿದ್ದದ್ದು ಬೇರೆ ಹಾಕಿ, ಉಳಿದದ್ದನ್ನು ಅಂಚಿಗೆ ಅಂಚು ಕೂಡಿಸಿ ಮಡಿಸುವುದು ಅವರ ಕೆಲಸ. ಬಿಳಿ ಹಾಸಿನ ಮೇಲೆ ಕೂರುವುದು, ಏಳುವುದು, ಮತ್ತೆ ಕೂರುವುದು. ಹೀಗೇ ನಲವತ್ತು ವರ್ಷ ಕಳೆದು ಎರಡೂ ಮಂಡಿ ಸವೆದು ಕಾಲುಗಳು ಹೊರಕ್ಕೆ ಬಾಗಿದ್ದವು. ನಡೆಯುವಾಗ ಮೈ ಆ ಕಡೆ ಈ ಕಡೆ ತೂಗುತ್ತಿತ್ತು. ಮಾವ ತೀರಿಕೊಂಡ ಮೇಲೆ ಅಂಗಡಿಯೂ ಅವರ ಮೇಲೇ ಬಿತ್ತು.

ನನ್ನ ಮಟ್ಟಿಗೆ ಅವರು ಬಹಳ ದಿನ ಬರೀ ದನಿಯಾಗಿದ್ದರು. ಅಳಿಯನ ಎದುರು ಅತ್ತೆ ನಿಲ್ಲಬಾರದು, ಕೂರಬಾರದು, ನೇರ ಮಾತಾಡಬಾರದು. ಹಳೆಯ ರೀತಿ. ನಾನು ಊಟಕ್ಕೆ ಕೂತರೆ ಬಾಗಿಲ ಹಿಂದಿನಿಂದ, ‘ಪದ್ಮಾ, ಅಲ್ಲುಡುಗಾರಿಗೆ ಕೇಳು, ಇನ್ನೊಂಚೂರು ಪಪ್ಪು ಹಾಕ್ಲಾ ಅಂತ’ ಎನ್ನುವರು. ತೆಲುಗಿನಲ್ಲಿ ಅಲ್ಲುಡುಗಾರು ಎಂದರೆ ಅಳಿಯಂದಿರು, ಪಪ್ಪು ಎಂದರೆ ತೊವ್ವೆ. ಪದ್ಮ ಕೇಳುವ ಮೊದಲೇ ನಾನು ‘ಸಾಕು ಅತ್ತೆ’ ಅನ್ನುವೆ. ಆಗ ಅವರು, ‘ಸಾಕಂತೆ ನೋಡು, ಸಂಕೋಚ ಪಡ್ತಾರೆ, ಹಾಕು’ ಎಂದು ಬಾಗಿಲಿಗೇ ಹೇಳುವರು. ಮೂವರಿಗೂ ಎಲ್ಲವೂ ಕೇಳಿಸುತ್ತಿತ್ತು.

ಈ ಮರ್ಯಾದೆಗೆಲ್ಲ ಬುಡ ನಮ್ಮ ಮದುವೆಯ ಮಂಟಪದಲ್ಲಿತ್ತು. ಕನ್ಯಾದಾನದ ಹೊತ್ತಿನಲ್ಲಿ ಮಾವ ನನ್ನ ಪಾದ ತೊಳೆದರು, ಅತ್ತೆ ತಾಮ್ರದ ಚೊಂಬಿನಿಂದ ನೀರು ಹಾಕಿದರು. ಆ ನೀರನ್ನು ಇಬ್ಬರೂ ತಲೆಗೆ ಪ್ರೋಕ್ಷಿಸಿಕೊಂಡರು. ಇಪ್ಪತ್ತೇಳರ ಹುಡುಗ ನಾನು, ನಾಚಿಕೆಯಿಂದ ನೆಲ ನೋಡುತ್ತಿದ್ದೆ. ಅತ್ತೆಗೆ ಮಾತ್ರ ಅದು ಆ ದಿನದ ಶಾಸ್ತ್ರವಾಗಿ ಮುಗಿಯಲಿಲ್ಲ. ತೊಳೆದ ಪಾದ ದೇವರ ಪಾದ. ಆ ದೇವರು ತಿರುಗಿ ತಮ್ಮ ಕಾಲು ಮುಟ್ಟಿದರೆ ಪಾಪ ತಮಗೆ ಎಂದು ನಂಬಿದ್ದರು. ಹಬ್ಬಕ್ಕೆ ನಮಸ್ಕಾರ ಮಾಡಲು ಹೋದರೂ ಎರಡು ಹೆಜ್ಜೆ ಹಿಂದೆ ಸರಿದು, ‘ಅಲ್ಲಿಂದ್ಲೇ, ಅಲ್ಲಿಂದ್ಲೇ’ ಎನ್ನುತ್ತಿದ್ದರು.

ಆ ಹೊತ್ತಿಗೆ ನಮ್ಮ ನರ್ಸಿಂಗ್ ಹೋಮಿನ ಮೂಳೆ ಡಾಕ್ಟರು ಹೊರದೇಶದಲ್ಲಿ ಕಲಿತು ಬಂದು ಕೃತಕ ಮಂಡಿ ಕೂರಿಸಲು ಶುರುಮಾಡಿದ್ದರು. ನಾವೆಲ್ಲ ಅವರನ್ನು ದೊಡ್ಡ ಸಾರ್ ಎನ್ನುತ್ತಿದ್ದೆವು. ಕಡಿಮೆ ಮಾತಿನ ಮನುಷ್ಯ. ಕೆಲಸದ ಬಗ್ಗೆ ಕೇಳಿದರೆ ಮಾತ್ರ ಮಾತು. ಒಮ್ಮೆ ನನ್ನನ್ನು ಕೂರಿಸಿಕೊಂಡು ಹೇಳಿದ್ದರು: ‘ಮೇಸ್ತ್ರಿ ಗೋಡೆಗೆ ತೂಗುಗುಂಡು ಬಿಡ್ತಾನಲ್ಲ, ಹಾಗೆ. ಸೊಂಟದ ಕೀಲಿನ ಗುಂಡಿನ ನಡುಮಧ್ಯದಿಂದ ಹಿಮ್ಮಡಿ ಕೀಲಿನ ನಡುಮಧ್ಯಕ್ಕೆ ಗೆರೆ ಎಳೆದರೆ ಅದು ಮಂಡಿಯ ನಡುವೆ ಹೋಗಬೇಕು. ಹೊಸ ಮಂಡಿ ಎಷ್ಟು ಒಳ್ಳೆಯದಾದರೂ ಆ ಗೆರೆ ತಪ್ಪಿ ಕೂತರೆ ಭಾರವೆಲ್ಲ ಒಂದೇ ಬದಿಗೆ ಬೀಳುತ್ತೆ, ಬೇಗ ಸಡಿಲಾಗುತ್ತೆ. ಎಲುಬನ್ನು ಎಷ್ಟು ಓರೆಗೆ ಕತ್ತರಿಸಬೇಕು ಅಂತ ನಾನು ನಿನ್ನ ಫಿಲ್ಮ್ ನೋಡಿ ನಿರ್ಧಾರ ಮಾಡೋದು. ಪಾದ ನೋಡಬೇಡ, ಮಂಡಿಚಿಪ್ಪು ನೋಡು. ಚಿಪ್ಪು ಮುಂದೆ ನೋಡದಿದ್ದರೆ ಆ ಫಿಲ್ಮ್ ಸುಳ್ಳು.’

ಇಡೀ ಕಾಲಿನ ಉದ್ದದ ಫಿಲ್ಮ್ ನಮ್ಮಲ್ಲಿರಲಿಲ್ಲ. ಸೊಂಟಕ್ಕೊಂದು, ಮಂಡಿಗೊಂದು, ಹಿಮ್ಮಡಿಗೊಂದು ತೆಗೆದು, ಒಣಗಿಸಿ, ಟೇಪ್ ಹಚ್ಚಿ ಜೋಡಿಸುತ್ತಿದ್ದೆ. ಬಾಗಿದ ಕಾಲಿನವರಲ್ಲಿ ಹಲವರಿಗೆ ಮಂಡಿಯ ಕೆಳಗಿನ ಎಲುಬೇ ಒಳಕ್ಕೆ ತಿರುಚಿಕೊಂಡಿರುತ್ತದೆ. ಅವರ ಚಿಪ್ಪು ಮುಂದಕ್ಕೆ ನೋಡುವಂತೆ ನಿಲ್ಲಿಸಿದರೆ ಪಾದ ಒಳಕ್ಕೆ ತಿರುಗಿ ವಿಕಾರವಾಗಿ ಕಾಣುತ್ತದೆ. ಯಾರೂ ತಾವಾಗಿ ಹಾಗೆ ನಿಲ್ಲುವುದಿಲ್ಲ, ನಾವೇ ಕೈಯಿಂದ ತಿರುಗಿಸಿ ನಿಲ್ಲಿಸಬೇಕು. ಎಷ್ಟೋ ಮುದುಕರ ಕಾಲನ್ನು ಹಾಗೆ ಹಿಡಿದು ತಿರುಗಿಸಿದ್ದೇನೆ, ಲೆಕ್ಕವಿಲ್ಲ.

ಅತ್ತೆ ಆಪರೇಷನ್ ಎಂದರೆ ಬೇಡವೆಂದು ಕೈಮುಗಿಯುತ್ತಿದ್ದರು. ಆ ಆಷಾಢದಲ್ಲಿ ಪದ್ಮನಿಗೆ ಎರಡು ತಿಂಗಳು ಎಂಬ ಸುದ್ದಿ ಹೋದದ್ದೇ ತಡ, ಅವರೇ ಅಂಗಡಿಯ ಫೋನಿನಿಂದ ಮಾತಾಡಿದರು. ಮದುವೆಯಾಗಿ ನಾಲ್ಕು ವರ್ಷದ ಮೇಲೆ ಬಂದ ಬಸಿರು ಅದು.

‘ಪದ್ಮಾ, ಅಲ್ಲುಡುಗಾರಿಗೆ ಹೇಳು. ಕಾಲು ಮಾಡಿಸ್ಕೊಂತೀನಿ ಅಂತ. ಎರಡೂ.’

‘ಯಾಕಮ್ಮ, ಇಷ್ಟು ವರ್ಷ ಬೇಡ ಅಂದೋಳು?’

‘ಕೂಸಿಗೆ ನೀರು ಹಾಕೋರು ಯಾರು? ನಮ್ಮ ಅಂಗಡಿ ಗುಮಾಸ್ತನಾ?’

ನೋಡಿ, ಇದನ್ನು ಬಿಡಿಸಿ ಹೇಳಬೇಕು. ಕೂಸಿಗೆ ಎರೆಯುವಾಗ ಅಜ್ಜಿ ಎರಡು ಕಾಲನ್ನೂ ಜೋಡಿಸಿ ಮುಂದಕ್ಕೆ ಚಾಚಿ ಕೂರುತ್ತಾಳೆ; ಆ ಕಾಲುಗಳ ಮೇಲೆ ಕೂಸನ್ನು ಮಲಗಿಸಿ ಎಣ್ಣೆ ತಿಕ್ಕಿ ನೀರು ಹಾಕುತ್ತಾಳೆ. ಅತ್ತೆಯ ತಾಯಿ ಪದ್ಮನಿಗೆ ಹಾಗೇ ಎರೆದಿದ್ದರು. ಅತ್ತೆಯ ಕಾಲು ಚಾಚಿದರೆ ಎರಡು ಮಂಡಿಯ ನಡುವೆ ಕುಂಬಳಕಾಯಿ ತೂರುವಷ್ಟು ಸಂದು. ‘ಕೂಸು ಆ ಸಂದಿನಾಗೆ ಜಾರಿ ಬಿದ್ದ್ರೆ?’ ಎಂದರಂತೆ. ಅವರಿಗೆ ಬೇಕಾದದ್ದು ಗುಡ್ಡ ಹತ್ತುವುದಲ್ಲ, ಯಾತ್ರೆಯಲ್ಲ. ಮಾಘಮಾಸದ ಹೊತ್ತಿಗೆ ಕೂಡಿಸಿದರೆ ಕೂಡುವ ಎರಡು ನೆಟ್ಟನೆಯ ಕಾಲು ಬೇಕಿತ್ತು.

ಶ್ರಾವಣದ ಮೊದಲ ವಾರ ರೈಲಿನಲ್ಲಿ ಬಂದರು. ಅವತ್ತು ಬೆಳಗಿನಿಂದ ಸಮುದ್ರದ ಕಡೆಯಿಂದ ಮಳೆ. ಎಕ್ಸ್‌ರೇ ಕೋಣೆಗೆ ಬಸುರಿಯಾದ ಪದ್ಮ ಬರುವಂತಿಲ್ಲ. ಆಯಾ ಮಳೆಗೆ ಸಿಕ್ಕಿ ಬಂದಿರಲಿಲ್ಲ. ಕೋಣೆಯಲ್ಲಿ ಅತ್ತೆ ಮತ್ತು ನಾನು ಇಬ್ಬರೇ, ನಡುವೆ ಬಾಗಿಲಿಲ್ಲ. ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ಮುಖ ಗೋಡೆಯ ಕಡೆ ತಿರುಗಿಸಿ, ಮರದ ಪೆಟ್ಟಿಗೆ ಹತ್ತಿ ನಿಂತರು. ಬಾಗಿದ ಕಾಲು ಅಳಿಯನ ಕಣ್ಣಿಗೆ ಬೀಳುತ್ತದಲ್ಲ ಎಂಬ ನಾಚಿಕೆಗೆ ಪಾದಗಳನ್ನು ಅಚ್ಚುಕಟ್ಟಾಗಿ ಜೋಡಿಸಿ, ಬೆರಳು ಮುಂದಕ್ಕೆ ಮಾಡಿಕೊಂಡರು. ಪಾದ ನೆಟ್ಟಗಾಯಿತು, ಚಿಪ್ಪು ಹೊರಕ್ಕೆ ಹೋಯಿತು.

‘ಅತ್ತೆ, ಕಾಲು ಸ್ವಲ್ಪ ಒಳಕ್ಕೆ ತಿರುಗಿಸಬೇಕು’ ಎಂದು ನಾನು ಕೂತು ಕೈ ಚಾಚಿದೆ.

‘ಅಯ್ಯಯ್ಯೋ! ಏನ್ರಿ ಇದು, ಬ್ಯಾಡ ಬ್ಯಾಡ’ ಎಂದು ಕಿರುಚಿ ಪೆಟ್ಟಿಗೆಯ ಮೇಲೆಯೇ ಹಿಂದೆ ಸರಿದರು. ಬೀಳುವುದೊಂದು ಬಾಕಿ. ‘ಮುಟ್ಟಬ್ಯಾಡ್ರಿ ಅಲ್ಲುಡುಗಾರೂ, ನಿಮ್ಮ ಮಾವನ ಆಣೆ. ಬಾಯಾಗೆ ಹೇಳ್ರಿ, ನಾನೇ ತಿರುಗಿಸ್ಕೊಂತೀನಿ.’

ಬಾಯಲ್ಲಿ ಹೇಳಿದೆ. ಅವರು ತಿರುಗಿಸಿದರು, ಬಿಟ್ಟರೆ ಮತ್ತೆ ನೆಟ್ಟಗೆ ಬಂತು. ಮೂರು ಸಲ ಆಯಿತು. ನೋವಿಗೆ ಕಾಲು ನಡುಗುತ್ತಿತ್ತು. ಹೊರಗೆ ಸಾಲಿನಲ್ಲಿ ಜನ ಗೊಣಗುತ್ತಿದ್ದರು. ಆಯಾಗಾಗಿ ಒಂದು ಗಂಟೆ ಕಾಯಬಹುದಿತ್ತು. ಯಾವ ನರ್ಸನ್ನಾದರೂ ಕರೆಯಬಹುದಿತ್ತು. ನನಗೆ ಆ ಕೋಣೆಯಿಂದ, ಆ ನಾಚಿಕೆಯಿಂದ ಹೊರಗೆ ಹೋದರೆ ಸಾಕಾಗಿತ್ತು. ಇದ್ದ ಹಾಗೇ ತೆಗೆದುಬಿಟ್ಟೆ.

ಕತ್ತಲಕೋಣೆಯ ಕೆಂಪು ಬೆಳಕಿನಲ್ಲಿ ಚಿತ್ರ ಮೂಡುತ್ತಿದ್ದಾಗಲೇ ಗೊತ್ತಾಯಿತು. ಮಂಡಿಯ ಕೆಳಗೆ ಪಕ್ಕದಲ್ಲಿರುವ ಸಣ್ಣ ಎಲುಬಿನ ತಲೆ ದೊಡ್ಡ ಎಲುಬಿನ ಹಿಂದೆ ಅಡಗಿ ಕೂತಿತ್ತು. ಕಾಲು ಹೊರಕ್ಕೆ ತಿರುಗಿದೆ ಎಂಬುದಕ್ಕೆ ಅದೇ ಸಾಕ್ಷಿ, ಡಿಪ್ಲೊಮಾದ ಮೊದಲ ವರ್ಷದವನಿಗೂ ಗೊತ್ತು. ಮತ್ತೆ ತೆಗೆಯಬೇಕು ಅಂದರೆ ಅವರನ್ನು ಮತ್ತೆ ಆ ಪೆಟ್ಟಿಗೆ ಹತ್ತಿಸಬೇಕು, ಮತ್ತೆ ಮಾವನ ಆಣೆ. ಫಿಲ್ಮುಗಳನ್ನು ಫ್ಯಾನಿನ ಕೆಳಗೆ ಒಣಗಿಸಿ, ಟೇಪ್ ಹಚ್ಚಿ, ದೊಡ್ಡ ಸಾರ್ ಟೇಬಲ್ಲಿಗೆ ಕೊಂಡೊಯ್ದೆ.

ಅವರು ದೀಪದ ಪೆಟ್ಟಿಗೆಗೆ ಸಿಕ್ಕಿಸಿ ಗೆರೆ ಎಳೆದರು. ಪೆನ್ಸಿಲ್ ಕೈಯಲ್ಲೇ ಇಟ್ಟುಕೊಂಡು ಕೇಳಿದರು. ‘ಚಿಪ್ಪು ಮುಂದೆ ನೋಡ್ತಿತ್ತಾ?’

‘ನೋಡ್ತಿತ್ತು ಸಾರ್’ ಎಂದೆ.

ನನ್ನ ಜೀವಮಾನದಲ್ಲಿ ಹೇಳಿದ ಸುಳ್ಳುಗಳಲ್ಲಿ ಇದರಷ್ಟು ಸಲೀಸಾಗಿ ಬಾಯಿಂದ ಜಾರಿದ್ದು ಇನ್ನೊಂದಿಲ್ಲ. ಹೇಳಿದವನು ನಾನೇನಾ ಎಂದು ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ.

ಮೊದಲು ಬಲಗಾಲಿಗೆ ಆಪರೇಷನ್ ಆಯಿತು. ಮೂರನೇ ದಿನ ಅತ್ತೆಯನ್ನು ನಿಲ್ಲಿಸಿದರು, ಹತ್ತನೇ ದಿನಕ್ಕೆ ವಾಕರ್ ಹಿಡಿದು ವಾರ್ಡಿನ ಕೊನೆಯವರೆಗೆ ನಡೆದರು. ನೋವು ಹೋಯಿತೆಂದು ಕಂಡವರಿಗೆಲ್ಲ ಕೈಮುಗಿದರು. ಹೊಲಿಗೆ ಬಿಚ್ಚಿದ ಮೇಲೆ ಮತ್ತೆ ಇಡೀ ಕಾಲಿನ ಫಿಲ್ಮ್ ತೆಗೆದೆ. ಈ ಸಲ ಆಯಾ ಕಾಲು ಹಿಡಿದಳು, ನಾನು ದೂರದಿಂದ ಚಿಪ್ಪು ನೋಡಿ ‘ಹೂಂ, ಅಲ್ಲೇ’ ಎಂದೆ. ಜೋಡಿಸಿ ಗೆರೆ ಎಳೆದರೆ ಅದು ಮಂಡಿಯ ನಡುವೆ ಹೋಗಲಿಲ್ಲ, ಒಳಬದಿಗೆ ಸರಿದಿತ್ತು. ಕಾಲು ಮೊದಲಿನ ಹಾಗೆ ಬಿಲ್ಲಾಗಿರಲಿಲ್ಲ, ನೆಟ್ಟಗೂ ಇರಲಿಲ್ಲ.

ದೊಡ್ಡ ಸಾರ್ ಹೊಸ ಫಿಲ್ಮನ್ನೂ ಹಳೆಯದನ್ನೂ ಪಕ್ಕಪಕ್ಕ ಸಿಕ್ಕಿಸಿ ಬಹಳ ಹೊತ್ತು ನೋಡಿದರು. ಹಳೆಯದರಲ್ಲಿ ಆ ಸಣ್ಣ ಎಲುಬಿನ ಮೇಲೆ ಬೆರಳಿಟ್ಟರು. ನನ್ನ ಕಡೆ ತಿರುಗಿದರು. ಎಲ್ಲ ಹೇಳಿದೆ: ಪೆಟ್ಟಿಗೆ, ಮಾವನ ಆಣೆ, ನನ್ನ ಸುಳ್ಳು.

ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ‘ಕತ್ತರಿಸಿದವನು ನಾನು’ ಎಂದರು. ‘ಆ ಎಲುಬು ನನಗೂ ಕಾಣಬೇಕಿತ್ತು. ನಿನ್ನ ಮಾತು ನಂಬಿ ನೋಡಲಿಲ್ಲ. ಕಾಲು ಸದ್ಯಕ್ಕೆ ನಡೆಯುತ್ತೆ, ಭಯ ಇಲ್ಲ. ಎಷ್ಟು ವರ್ಷ ಅಂತ ಹೇಳಲಾರೆ. ನನಗೆ ಹೇಳಿದೆಯಲ್ಲ, ಅದನ್ನು ಹೋಗಿ ಅವರಿಗೆ ಹೇಳು. ನನ್ನ ಪಾಲು ನಾನು ಹೇಳ್ತೀನಿ. ನೀನು ಹೇಳದೆ ಎಡಗಾಲಿಗೆ ನಾನು ಕೈ ಹಾಕೋದಿಲ್ಲ.’

ದಸರೆ ಕಳೆದ ಮೇಲೆ ವಿಜಯವಾಡಕ್ಕೆ ಹೋದೆ. ಅಂಗಡಿಯಲ್ಲಿ ಬಿಳಿ ಹಾಸಿನ ಪಕ್ಕ ಈಗ ಒಂದು ಕುರ್ಚಿ ಬಂದಿತ್ತು. ಅತ್ತೆ ಕುರ್ಚಿಯಲ್ಲಿ ಕೂತು ಮೇಜಿನ ಮೇಲೆ ಸೀರೆ ಮಡಿಸುತ್ತಿದ್ದರು. ನನ್ನನ್ನು ಕಂಡಕೂಡಲೇ ಗೋಡೆ ಹಿಡಿದು ಎದ್ದು, ಒಳಬಾಗಿಲಿನ ಹಿಂದೆ ಹೋಗಿ ನಿಂತರು.

ಮೇಲೆ ಮನೆಯಲ್ಲಿ ಊಟ ಆಯಿತು. ಪದ್ಮ ಗಾಜುವಾಕದಲ್ಲೇ ಇದ್ದಳು, ಮಾತನ್ನು ದಾಟಿಸುವವರು ಯಾರೂ ಇರಲಿಲ್ಲ. ನಾನು ಎಲೆ ಮುಂದೆ ಕೂತು ಬಾಗಿಲಿಗೆ ಹೇಳಿದೆ. ‘ಅತ್ತೆ, ನಿಮ್ಮ ಬಲಗಾಲು...’

‘ಗೊತ್ತೈತೆ’ ಎಂದಿತು ಬಾಗಿಲು. ‘ಸೀರೆ ನೆರಿಗೆ ಹಿಡಿದ್ರೆ ಬಲಗಡೆ ಅಂಚು ಇನ್ನೂ ನೆಲಕ್ಕೆ ಸರೀಗೆ ಕೂಡಂಗಿಲ್ಲ. ದೇವ್ರು ಇಷ್ಟು ಕೊಟ್ಟಾನೆ, ಸಾಕು ಅಂದ್ಕೊಂಡೀನಿ.’

‘ದೇವರಲ್ಲ ಅತ್ತೆ, ನಾನು’ ಎಂದೆ. ಹೇಳುತ್ತ ಹೋದೆ. ಫಿಲ್ಮ್ ತಪ್ಪು ಎಂದು ಕತ್ತಲಕೋಣೆಯಲ್ಲೇ ತಿಳಿದಿತ್ತು ಎಂದೆ. ಡಾಕ್ಟರು ಕೇಳಿದಾಗ ಸುಳ್ಳು ಹೇಳಿದೆ ಎಂದೆ. ಕೆಳಗೆ ಗಲ್ಲಿಯಲ್ಲಿ ಕೈಗಾಡಿಯವನೊಬ್ಬ ದಾರಿ ಬಿಡಿ ಎಂದು ಕೂಗುತ್ತಿದ್ದ.

‘ನಾನು ಮುಟ್ಟಗೊಡ್ಲಿಲ್ಲ. ಅದು ನನ್ನ ತಪ್ಪು’ ಎಂದರು ಕೊನೆಗೆ. ದನಿ ಎಂದಿನಂತಿರಲಿಲ್ಲ. ‘ಕಾಲಿಗೆ ನಾನು ಬೇಜಾರು ಮಾಡ್ಕಂಡಿಲ್ಲ. ಆದ್ರೆ ನೋಡ್ರಿ ಅಲ್ಲುಡುಗಾರೂ, ಸೀರ್ಯಾಗೆ ಕಲೆ ಇದ್ರೆ ಇದೆ ಅಂತ ಹೇಳ್ತೀವಿ, ಬ್ಯಾರೆ ಹಾಕ್ತೀವಿ. ಮಡಿಕೆ ಒಳಗೆ ಮುಚ್ಚಿ ಕೊಡೋದು ಈ ಅಂಗಡ್ಯಾಗೆ ನಿಮ್ಮ ಮಾವ ಇದ್ದಾಗ್ಲೂ ಇರ್ಲಿಲ್ಲ, ಈಗ್ಲೂ ಇಲ್ಲ.’

ನಿಧಾನಕ್ಕೆ ನಡೆದುಹೋದ ಸದ್ದು ಕೇಳಿತು. ಒಂದು ಹೆಜ್ಜೆ ಗಟ್ಟಿ, ಒಂದು ಹೆಜ್ಜೆ ಎಳೆತ. ಸಂಜೆ ಕಾಫಿಯನ್ನು ಕೆಲಸದವಳ ಕೈಯಲ್ಲಿ ಕಳಿಸಿದರು. ನಾನು ಆ ದಿನ ಅನುಭವಿಸಿದ ಅವಮಾನ ಯಾರೂ ಮಾಡಿದ್ದಲ್ಲ. ಅದಕ್ಕೇ ಅದನ್ನು ಎಲ್ಲಿ ಇಳಿಸಬೇಕೋ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಹೊರಟು ಮೆಟ್ಟಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ‘ಅಲ್ಲುಡುಗಾರೂ’ ಎಂಬ ದನಿ. ತಿರುಗಿದರೆ ಅತ್ತೆ ಬಾಗಿಲಿನ ಹಿಂದೆ ಇರಲಿಲ್ಲ, ಮುಂದೆ ನಿಂತಿದ್ದರು. ಅಷ್ಟು ಹತ್ತಿರದಿಂದ, ಅಷ್ಟು ನೇರವಾಗಿ ಅವರ ಮುಖವನ್ನು ನಾನು ಮದುವೆಯಾದ ಮೇಲೆ ಮೊದಲ ಸಲ ನೋಡಿದ್ದು. ಕಣ್ಣು ಕೆಂಪಾಗಿತ್ತು, ನಿದ್ದೆ ಮಾಡಿದ ಹಾಗಿರಲಿಲ್ಲ.

‘ಕಾರ್ತೀಕದಾಗೆ ಬರ್ತೀನಿ, ಎಡಗಾಲಿಗೆ. ಫೋಟೋ ಮಾತ್ರ ನೀವೇ ತೆಗೀಬೇಕು.’

‘ನಾನು ಬೇಡ ಅತ್ತೆ. ಬೇರೆಯವರಿದ್ದಾರೆ, ಆಯಾ...’

‘ನೀವೇ’ ಎಂದರು. ‘ಮಂಗಳಗಿರ್ಯಾಗೆ ಒಬ್ಬ ನೇಕಾರ ಒಂದು ಸೀರೆ ಕೆಡಿಸಿದ್ರೆ ನಿಮ್ಮ ಮಾವ ಇನ್ನೊಂದನ್ನ ಅವನ ಮಗ್ಗಕ್ಕೇ ಹಾಕಿಸ್ತಿದ್ರು. ಕೆಡಿಸಿದೋನು ಎರಡ್ನೇ ಸಲ ಕಣ್ಣು ಮಿಟುಕಿಸಂಗಿಲ್ಲ ಅಂತಿದ್ರು.’

ಕಾರ್ತೀಕದಲ್ಲಿ ಚಂಡಮಾರುತದ ಮಳೆ ಹಿಡಿಯಿತು. ರೈಲು ಅರ್ಧ ದಿನ ತಡ. ಅತ್ತೆ ಒದ್ದೆ ಸೆರಗಿನಲ್ಲೇ ನರ್ಸಿಂಗ್ ಹೋಮಿಗೆ ಬಂದರು. ಆಯಾ ಇದ್ದಳು. ಅತ್ತೆ ಅವಳಿಗೆ, ‘ನುವ್ವು ಬಯಟ ಉಂಡಮ್ಮಾ’ ಎಂದು ಹೊರಗೆ ಕಳಿಸಿ ಬಾಗಿಲು ಹಾಕಿಸಿದರು. ನಾನು ಪೆಟ್ಟಿಗೆ ಸರಿಮಾಡುತ್ತಿದ್ದೆ. ಅವರು ಅದನ್ನು ಹತ್ತಲಿಲ್ಲ, ಸ್ಟೂಲಿನ ಮೇಲೆ ಕೂತರು. ಕೈಚೀಲದಿಂದ ತಾಮ್ರದ ಚೊಂಬು ತೆಗೆದರು. ನನಗೆ ಗುರುತು ಸಿಕ್ಕಿತು.

‘ನೀರು ತುಂಬಿಸ್ಕೊಂಡು ಬರ್ರಿ’ ಎಂದರು.

ಫಿಲ್ಮ್ ತೊಳೆಯಲು ಇದ್ದ ನಲ್ಲಿಯಿಂದ ತುಂಬಿ ತಂದೆ. ‘ಬಲಗಾಲು ಈ ಪೆಟ್ಟಿಗೆ ಮ್ಯಾಲೆ ಇಡ್ರಿ’ ಎಂದರು.

‘ಅತ್ತೆ, ದಯವಿಟ್ಟು ಇದೆಲ್ಲ...’

‘ಇಡ್ರಿ ಅಂದೆ. ನೀವು ನನ್ನ ಕಾಲು ಮುಟ್ಟೋದು ಪಾಪ. ಮುಟ್ಟದಿದ್ರೆ ಮೊಮ್ಮಗಂದೋ ಮೊಮ್ಮಗಳದ್ದೋ ಮೈ ಜಾರ್ತೈತೆ. ಅದಕ್ಕೆ ಮೊದ್ಲು ನಿಮ್ಮ ಪಾದಕ್ಕೆ ಸಲ್ಲೋದು ಸಲ್ಲಿಸ್ತೀನಿ. ಆಮೇಲೆ ನಾನೂ ಬರೇ ಕಾಲುನೋವಿನ ಮುದುಕಿ, ನೀವೂ ಬರೇ ಆಸ್ಪತ್ರೆಯೋರು.’

ಬೂಟು, ಕಾಲುಚೀಲ ಬಿಚ್ಚಿ ಪಾದ ಇಟ್ಟೆ. ಮೊದಲಿನ ಹಾಗೆ ಬಗ್ಗಿ ಕೂರಲು ಅವರಿಗೆ ಆಗುತ್ತಿರಲಿಲ್ಲ. ಕೂತಲ್ಲಿಂದಲೇ ಚೊಂಬು ಬಗ್ಗಿಸಿ ನೀರು ಹಾಕಿದರು. ‘ಅವತ್ತು ಅವರು ತೊಳೆದ್ರು, ನಾನು ನೀರು ಹಾಕ್ದೆ. ಇವತ್ತು ತೊಳೆಯೋರಿಲ್ಲ’ ಎಂದರು. ನಾನು ಬಗ್ಗಿ ನನ್ನ ಪಾದವನ್ನು ನಾನೇ ತೊಳೆದುಕೊಂಡೆ. ನನಗೆ ಅಳು ಬಂತು, ತಡೆಯಲಿಲ್ಲ. ಅತ್ತೆ ಪೆಟ್ಟಿಗೆಯ ಮೇಲೆ ನಿಂತ ನೀರಿಗೆ ಬೆರಳದ್ದಿ ತಲೆಗೆ ಪ್ರೋಕ್ಷಿಸಿಕೊಂಡರು.

‘ಹೂಂ, ಈಗ ಹಿಡೀರಿ’ ಎಂದರು.

ಪೆಟ್ಟಿಗೆ ಒರೆಸಿ ಅವರನ್ನು ಹತ್ತಿಸಿದೆ. ನೆಲದ ಮೇಲೆ ಮಂಡಿಯೂರಿ, ಎಡಗಾಲಿನ ಹಿಮ್ಮಡಿಯನ್ನು ಒಂದು ಕೈಯಲ್ಲಿ, ಪಾದವನ್ನು ಇನ್ನೊಂದರಲ್ಲಿ ಹಿಡಿದೆ. ಒರಟಾದ, ಒಡೆದ ಹಿಮ್ಮಡಿ, ಮಳೆನೀರಿಗೆ ತಣ್ಣಗಾಗಿತ್ತು. ಅವರ ಮೈಯೆಲ್ಲ ಒಮ್ಮೆ ಬಿಗಿಯಿತು, ಆಮೇಲೆ ಸಡಿಲವಾಯಿತು. ಪಾದವನ್ನು ಒಳಕ್ಕೆ, ಇನ್ನೂ ಒಳಕ್ಕೆ ತಿರುಗಿಸಿದೆ. ಮಂಡಿಚಿಪ್ಪು ನಿಧಾನವಾಗಿ ತಿರುಗಿ ನನ್ನ ಮುಖದ ನೇರಕ್ಕೆ ಬಂದು ನಿಂತಿತು. ಎರಡು ಬದಿಗೆ ಮರಳಿನ ಚೀಲ ಒತ್ತಿ, ‘ಅಲ್ಲಾಡಬೇಡಿ ಅತ್ತೆ’ ಎಂದೆ.

‘ನೀವು ಬಿಟ್ಟ ಮ್ಯಾಲೂ ಹಿಂಗೇ ಇರ್ತೀನಿ’ ಎಂದರು.

ಫಿಲ್ಮಿನಲ್ಲಿ ಸಣ್ಣ ಎಲುಬು ಬೇಕಾದಷ್ಟೇ ಇಣುಕುತ್ತಿತ್ತು. ದೊಡ್ಡ ಸಾರ್ ಕೇಳುವ ಮೊದಲೇ, ‘ಚಿಪ್ಪು ಮುಂದೆ ನೋಡ್ತಿತ್ತು ಸಾರ್. ನಾನೇ ಹಿಡಿದು ತಿರುಗಿಸಿದ್ದು’ ಎಂದೆ. ಅವರು ತಲೆಯೆತ್ತಿ ನನ್ನನ್ನು ನೋಡಿ, ಸಣ್ಣ ಎಲುಬನ್ನೂ ನೋಡಿಕೊಂಡು, ಗೆರೆ ಎಳೆದರು. ಆಪರೇಷನ್ ಆದ ಮೇಲೆ ಎಡಗಾಲು ನೂಲು ಹಿಡಿದ ಹಾಗೆ ನೆಟ್ಟಗೆ ಬಂತು.

ಮಾಘದಲ್ಲಿ ವಿಜಯವಾಡದಲ್ಲಿ ಹೆಣ್ಣುಮಗು ಹುಟ್ಟಿತು. ಹನ್ನೊಂದನೇ ದಿನ ನಾನು ಹೋದಾಗ ಬಚ್ಚಲಮನೆಯಲ್ಲಿ ಹೊಗೆ, ಸೀಗೆಯ ವಾಸನೆ. ನೆಲಕ್ಕೆ ಕೂರಲು ಆಗದ್ದರಿಂದ ಅತ್ತೆ ಒಂದು ಬೆಂಚಿನ ಮೇಲೆ ಕೂತು, ಎದುರಿಗೆ ಇನ್ನೊಂದು ಬೆಂಚಿಗೆ ಕಾಲು ಚಾಚಿದ್ದರು. ಅಳಿಯ ಬಾಗಿಲಲ್ಲಿ ನಿಂತದ್ದು ಕಂಡರೂ ಸೆರಗು ಎಳೆದುಕೊಳ್ಳಲಿಲ್ಲ. ಕಾಲು ಎರಡೂ ಕೂಡಿದ್ದವು, ಬಲಮಂಡಿಯ ಹತ್ತಿರ ಮಾತ್ರ ಎರಡು ಬೆರಳಿನಷ್ಟು ಸಂದು. ಆ ಸಂದಿಗೆ ಹಳೆಯ ಮಂಗಳಗಿರಿ ಸೀರೆಯೊಂದನ್ನು ಅಂಚಿಗೆ ಅಂಚು ಕೂಡಿಸಿ ಮಡಿಸಿ ತುಂಬಿದ್ದರು. ಮಗು ಅದರ ಮೇಲೆ ಅಂಗಾತ ಮಲಗಿ ಬಿಸಿನೀರಿಗೆ ಕಿರುಚುತ್ತಿತ್ತು.

‘ಏನ್ರಿ ಅಲ್ಲುಡುಗಾರೂ ಹಂಗ್ ನೋಡ್ತೀರಿ? ನಿಮ್ಮ ಮಗಳು ಜಾರಂಗಿಲ್ಲ. ಕಲೆ ಎಲ್ಲೈತೆ ಅಂತ ಗೊತ್ತಿದ್ರೆ ಮಡಿಸಾಕೆ ಬರ್ತೈತೆ’ ಎಂದರು. ನಗುತ್ತಿದ್ದರು.

ಆ ಕಾಲುಗಳ ಮೇಲೆ ಅವರು ಹನ್ನೆರಡು ವರ್ಷ ನಡೆದರು. ಬಲಮಂಡಿ ಕೊನೆಗೆ ಸಡಿಲಾಗಿ ನೋಯುತ್ತಿತ್ತು. ಮತ್ತೆ ಆಪರೇಷನ್ ಬೇಡವೆಂದರು. ಆ ನೋವಿನ ಕಾರಣವನ್ನು ಯಾರ ಮುಂದೆಯೂ, ಪದ್ಮನ ಮುಂದೆಯೂ, ಒಂದು ದಿನವೂ ಎತ್ತಲಿಲ್ಲ. ಆಮೇಲೆ ನಾನೇ ಪದ್ಮನಿಗೆ ಹೇಳಿದೆ.

ಅವರು ತೀರಿಕೊಂಡ ಬೆಳಿಗ್ಗೆ ಒನ್ ಟೌನಿನ ಆ ಮನೆಯ ಹಜಾರದಲ್ಲಿ ಮಲಗಿಸಿದ್ದರು. ಹೆಬ್ಬೆರಳು ಎರಡನ್ನೂ ಕೂಡಿಸಿ ಕಟ್ಟಬೇಕು, ಶಾಸ್ತ್ರ. ಪಾದಗಳು ಹೊರಕ್ಕೆ ಹೊರಳಿದ್ದವು, ಬಲಗಾಲು ಕೂಡುತ್ತಿರಲಿಲ್ಲ. ಹೆಂಗಸರು ಹೇಗೆ ಹಿಡಿಯಬೇಕೆಂದು ತಿಳಿಯದೆ ಎಳೆಯುತ್ತಿದ್ದರು. ನಾನು ಹೋಗಿ ಕಾಲ ಬುಡದಲ್ಲಿ ಕೂತೆ.

‘ಅಲ್ಲುಡುಗಾರು ಮುಟ್ಟಬಾರದು. ಹೋದವರಿಗೆ ದೋಷ’ ಎಂದರು ಮಾವನ ಕಡೆಯ ಹಿರಿಯರೊಬ್ಬರು.

‘ನನಗೆ ಅಪ್ಪಣೆಯಾಗಿದೆ’ ಎಂದೆ.

ಹಿಮ್ಮಡಿ ಹಿಡಿದು ಮೆಲ್ಲಗೆ ಒಳಕ್ಕೆ ತಿರುಗಿಸಿದೆ, ಎರಡು ಮಂಡಿಚಿಪ್ಪುಗಳೂ ನೆಟ್ಟಗೆ ಮೇಲೆ ನೋಡುವವರೆಗೆ. ಪದ್ಮ ದಾರ ಕಟ್ಟಿದಳು. ಅವಳು ಗಂಟು ಹಾಕಿ ಮುಗಿಸುವವರೆಗೂ ನಾನು ಕೈ ಬಿಡಲಿಲ್ಲ.